ನಡುವಿನ ಕಾಲು

ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಚನ್ನು ಮುರಿದ ಮಂಚದ ಕೆಳಗೆ ಅಂಗಾತ ಜಾರಿದ. ಮೇಲಿನಿಂದ ಹುಡಿ ಉದುರಿ ಕಣ್ಣಿಗೆ ಬಿತ್ತು. ಇದನ್ನು ಫಿಟ್ಟರುಗಳು ಭೂಸಾ ಅನ್ನುತ್ತಾರೆ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ, ಒತ್ತಿ, ಮೇಲೆ ತೇಗದ ಬಣ್ಣದ ಹಾಳೆ ಅಂಟಿಸಿದ ಹಲಗೆ. ಮುರಿದ ದಿನ ಮಾತ್ರ ಒಳಗಿನದು ಹೊರಗೆ ಬರುತ್ತದೆ.

"ಕ್ಯಾ ತಮ್ಮಾ, ಚಟಾಯಿ ಹೋನಾ ಕ್ಯಾ? ಮೈಕು ಸಬ್ ಲಗತಾ," ಮೈಗೆಲ್ಲ ಹುಡಿ ಹತ್ತುತ್ತದೆ, ಚಾಪೆ ಬೇಕೇ ಎಂದು ಬಾಗಿಲ ಹತ್ತಿರ ನಿಂತಿದ್ದ ಮುದುಕಿ ಕೇಳಿದಳು.

"ಬ್ಯಾಡ್ರಿ ಅವ್ವಾರ. ನಮ್ಮ ಕೆಲಸನ ಇದು," ಚನ್ನು ಟಾರ್ಚನ್ನು ಕೈಗೆ ತೆಗೆದುಕೊಂಡು ಅಂದ.

"ಅಯ್ಯ, ಕನ್ನಡದಾವ ಅದಿ! ಆಗಿಂದ ನಾ ಹರಕು ಮುರಕು ಹಿಂದಿ ಮಾತಾಡಾಕ ಹತ್ತೀನಿ. ಮೊದಲ ಹೇಳಬಾರದ?"

"ನೀವು ಮಾತಾಡಿದ್ದು ಹಿಂದಿ ಅಂತ ಈಗ ತಿಳೀತು ನೋಡ್ರಿ."

ಮುದುಕಿ ನಕ್ಕಳು. ನಕ್ಕದ್ದು ತಪ್ಪಾಯಿತು ಎನ್ನುವ ಹಾಗೆ ನಡುವೆಯೇ ನಿಲ್ಲಿಸಿದಳು. ಮಲಗಿದಲ್ಲಿಂದ ಚನ್ನುವಿಗೆ ಆಕೆಯ ಪಾದಗಳಷ್ಟೇ ಕಾಣುತ್ತಿದ್ದವು. ಕಾಲುಂಗುರ ತೆಗೆದ ಬೆರಳುಗಳ ಸುತ್ತ ಬೆಳ್ಳನೆಯ ಗೆರೆ ಇನ್ನೂ ಮಾಸಿರಲಿಲ್ಲ.

ಮಂಚದ ಕಂಪನಿಯಿಂದ ಅವನ ಫೋನಿಗೆ ಬಂದ ದೂರಿನಲ್ಲಿ ಇದ್ದದ್ದು ಇಷ್ಟೇ: ಡೊಂಬಿವಲಿ ಪೂರ್ವ, ಮೂರನೆಯ ಮಹಡಿ, ಗ್ರಾಹಕರ ಹೆಸರು ಸಿದ್ಧೇಶ್ವರ, ಮೂರು ವರ್ಷದ ಮಂಚ ಮುರಿದಿದೆ, ಗ್ಯಾರಂಟಿ ಐದು ವರ್ಷ, ನೋಡಿ ಕಾರಣ ಬರೆಯುವುದು. ಬೆಳಿಗ್ಗೆ ರಬಾಳೆಯ ಗೋದಾಮಿನಿಂದ ಸಾಮಾನಿನ ಚೀಲ ಎತ್ತಿಕೊಂಡು, ಠಾಣೆಯಲ್ಲಿ ಗಾಡಿ ಬದಲಿಸಿ, ಹತ್ತು ಗಂಟೆಗೆಲ್ಲ ಬಂದಿದ್ದ. ದಿನಕ್ಕೆ ಇಂಥವು ಐದಾರು.

ಎಂಟು ವರ್ಷ ಅವನು ಬರೀ ಮಂಚ ಕೂಡಿಸಿದ್ದ. ಈ ಎರಡು ವರ್ಷದಿಂದ ಮುರಿದದ್ದನ್ನು ನೋಡುವ ಕೆಲಸ. ಹಾಗಾಗಿ ಅವುಗಳಿಗೆ ವಯಸ್ಸಾಗುವ ರೀತಿ ಅವನಿಗೆ ಚೆನ್ನಾಗಿ ಗೊತ್ತು. ಮೊದಲ ವರ್ಷ ಅಲುಗುವುದಿಲ್ಲ. ಎರಡನೆಯ ವರ್ಷ ತಲೆದೆಸೆಯ ಮೂಲೆಯಲ್ಲಿ ಕಿರ್ ಎನ್ನಲು ಶುರು; ಮನೆಯವರು ಎರಡು ದಿನ ಎಣ್ಣೆ ಬಿಟ್ಟು ನೋಡಿ ಸುಮ್ಮನಾಗುತ್ತಾರೆ. ಮೂರಕ್ಕೆ ಒಂದು ಕಾಲಿನ ಕೆಳಗೆ ಮಡಚಿದ ಪೇಪರು ಬರುತ್ತದೆ. ನಾಲ್ಕಕ್ಕೆ ನಡುವೆ ಬಗ್ಗಿ, ಆಚೆ ಒಬ್ಬರು ಈಚೆ ಒಬ್ಬರು ಮಲಗಿದರೂ ಬೆಳಗಾಗುವುದರೊಳಗೆ ಇಬ್ಬರೂ ಒಂದೇ ತಗ್ಗಿಗೆ ಉರುಳಿರುತ್ತಾರೆ. ಬಾಡಿಗೆಯ ಮನೆ ಬದಲಿಸುತ್ತ ಬಿಚ್ಚಿ ಕೂಡಿಸಿದ್ದಾದರೆ ಇಷ್ಟೂ ಬಾಳುವುದಿಲ್ಲ. ಭೂಸಾದಲ್ಲಿ ಸ್ಕ್ರೂ ಒಂದು ಸಲ ಹಿಡಿಯುತ್ತದೆ, ಎರಡನೆಯ ಸಲ ಹಿಡಿದ ಹಾಗೆ ಮಾಡುತ್ತದೆ. ಕಲ್ಯಾಣದ ಅವನ ಸ್ವಂತ ಮನೆಯಲ್ಲಿ ಇಂದಿಗೂ ಅಪ್ಪನ ಕಾಲದ ಕಬ್ಬಿಣದ ಮಂಚವೇ ಇತ್ತು.

ಇದು ಮಾತ್ರ ಆ ಯಾವ ರೀತಿಯಲ್ಲೂ ಮುರಿದಿರಲಿಲ್ಲ. ಮೂಲೆಗಳು ನಾಲ್ಕೂ ಗಟ್ಟಿ. ತಲೆದೆಸೆಯಿಂದ ಕಾಲ್ದೆಸೆಗೆ ಹಾಯ್ದ ನಡುಪಟ್ಟಿ ಸರಿಯಾಗಿ ಮಧ್ಯದಲ್ಲಿ ತುಂಡಾಗಿ, ಅದರ ಮೇಲಿನ ಪ್ಲೈವುಡ್ ಎರಡೂ ಕಡೆಯಿಂದ ಒಳಗೆ ಕುಸಿದಿತ್ತು. ಆ ಪಟ್ಟಿಯ ನಡುವಿಗೆ ಒಂದು ಕಾಲು ಇರಬೇಕು. ಐದನೆಯ ಕಾಲು. ಚನ್ನು ಟಾರ್ಚನ್ನು ಹತ್ತಿರ ಹಿಡಿದು ನೋಡಿದ. ಕಾಲು ಇರಲಿಲ್ಲ. ಬೋಲ್ಟು ಕೂರುವ ತೂತು ಇತ್ತು. ತೂತಿನೊಳಗಿನ ನಟ್ಟು ಸೊಟ್ಟಗಿತ್ತು, ಅದರಲ್ಲಿ ಎಂದೂ ಬೋಲ್ಟು ಹೋದ ಗುರುತಿರಲಿಲ್ಲ.

ತೂತಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೆದಿತ್ತು. ಚ.

ಅವನು ಆ ಅಕ್ಷರವನ್ನು ಹೆಬ್ಬೆರಳಿನಿಂದ ಮುಟ್ಟಿದ. ಅಪ್ಪ ಬಡಿಗನಾಗಿದ್ದ. ಮಾಡಿದ ಪ್ರತಿಯೊಂದು ಬಾಗಿಲಿನ ಮೇಲಂಚಿಗೆ, ಯಾರೂ ನೋಡದ ಕಡೆ, ತನ್ನ ಹೆಸರಿನ ಒಂದು ಅಕ್ಷರ ಗೀರುತ್ತಿದ್ದ. ನೋಡುವವರಿಗಲ್ಲ ಇದು, ಬಾಗಿಲಿಗೆ, ಅನ್ನುತ್ತಿದ್ದ. ಅದೇ ಚಟ ಚನ್ನುವಿಗೂ ಬಂದಿತ್ತು. ಕಂಪನಿಗೆ ಕಳಿಸುವ ಫೋಟೊದಲ್ಲಿ ಮಂಚದ ಕೆಳಭಾಗ ಬರುವುದಿಲ್ಲ.

"ಭಾಳ ಮುರದೈತೇನು?" ಮುದುಕಿ ಕೇಳಿದಳು.

ಚನ್ನು ಹೊರಗೆ ಬಂದು ಗೋಡೆಗೆ ಒರಗಿ ಕೂತ. ಕೋಣೆಯನ್ನು ಈಗ ಸರಿಯಾಗಿ ನೋಡಿದ. ಕಿಟಕಿಯಾಚೆ ಎದುರಿನ ಬಿಲ್ಡಿಂಗಿನ ನೀರಿನ ಪೈಪುಗಳು. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೊ, ದಪ್ಪ ಕನ್ನಡಕದ ಮನುಷ್ಯ. ಮೂಲೆಯಲ್ಲಿ ನಿಲ್ಲಿಸಿದ ಗಾದಿ. ಅದರ ಹತ್ತಿರ ಸುತ್ತಿಟ್ಟ ಚಾಪೆ, ಮೇಲೊಂದು ತೆಳ್ಳನೆಯ ದಿಂಬು. ಈ ಕೋಣೆಗೆ ಅವನು ಮೊದಲೂ ಬಂದಿದ್ದ. ಮೂರು ವರ್ಷದ ಹಿಂದೆ, ಎಲ್ಲರೂ ಇನ್ನೂ ಮಾಸ್ಕು ಹಾಕುತ್ತಿದ್ದ ದಿನಗಳಲ್ಲಿ. ಅದಕ್ಕೇ ಆಕೆಗೆ ಗುರುತು ಸಿಕ್ಕಿರಲಿಲ್ಲ.

"ನಡುವಿನ ಪಟ್ಟಿ ಹೋಗ್ಯದ್ರಿ," ಅಂದ.

"ಯಾತರಿಂದ ಹೋಗೇತಿ ಅಂತ ನಾ ಹೇಳತೀನಿ, ನೀ ಬರಕೋ," ಎಂದು ಮುದುಕಿ ಹೊಸ್ತಿಲ ಮೇಲೆಯೇ ಕೂತಳು. "ನನ್ನಿಂದ ಹೋಗೇತಿ."

ಆಕೆಯ ಹೆಸರು ನೀಲಗಂಗಾ. ಗೋಡೆಯ ಮೇಲಿದ್ದವನು ಗಂಡ ಕಾಡಪ್ಪ. ಜಮಖಂಡಿ ಕಡೆಯಿಂದ ಮದುವೆಯಾದ ವರ್ಷವೇ ಬಂದವರು. ಕಾಡಪ್ಪ ಡೊಂಬಿವಲಿಯ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು, ನಿವೃತ್ತನಾಗುವಾಗ ಎದೆಯಲ್ಲಿ ಗೊರಗೊರ ಅನ್ನುವ ಸದ್ದನ್ನು ಮನೆಗೆ ತಂದಿದ್ದ. ನೆಲದ ಮೇಲೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅದಕ್ಕೇ ಮಗ ಈ ಮಂಚ ತರಿಸಿದ್ದ.

"ಹ್ವಾದ ಮಳಿಗಾಲ ತಗಣಿ ಆದೂ," ನೀಲಗಂಗಾ ಹೇಳಿದಳು. "ಎಲ್ಲಾರ ಮನ್ಯಾಗೂ ಆಗಿದ್ದೂ. ಬಾಜೂದವ್ರು ಔಷಧ ಹೊಡಿಸಿದ್ರು. ನಾವು ಹೊಡಸಾಕ ಬರತಿದ್ದಿಲ್ಲ, ಆ ವಾಸನಿ ಇವರಿಗೆ ತಡೀತಿದ್ದಿಲ್ಲ. ದಿನಾ ರಾತ್ರಿ ಕೆರಕೊಂಡು ಕೆರಕೊಂಡು ಎದ್ದು ಕುಂದರತಿದ್ರು. ಮೈತುಂಬ ಕೆಂಪನ್ನ ದದ್ದು. ನಮ್ಮತ್ತಿ ಮನ್ಯಾಗ ತಗಣಿ ಆದ್ರ ಏನ ಮಾಡತಿದ್ರು? ಹಂಡೇದಾಗ ನೀರು ಕುದಿಸಿ ಮಂಚದ ಸಂದಿಗೆ ಸುರವತಿದ್ರು. ಎರಡು ಸಲ ಸುರವಿದ್ರ ಒಂದೂ ಉಳೀತಿದ್ದಿಲ್ಲ. ನಾನೂ ಹಂಗ ಮಾಡಿದೆ."

"ಎಷ್ಟು ಸಲ ಹಾಕಿದ್ರಿ?"

"ಮೂರು ಐತವಾರ. ಇವರನ್ನ ಹೊರಗ ಕುರ್ಚಿ ಮ್ಯಾಲ ಕುಂದರಿಸಿ, ಚರಗಿಲೆ ಹಾಕಿದೆ. ತಗಣಿ ಹ್ವಾದೂ ಮತ್ತ. ಅವತ್ತ ರಾತ್ರಿ ಚೊಲೊ ನಿದ್ದಿ ಮಾಡಿದ್ರು. 'ಗಂಗಾ, ಭಾಳ ದಿನಕ್ಕ ಸುಖ ಆತು ನೋಡು' ಅಂದ್ರು." ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಮುಂದ ಒಂದು ತಿಂಗಳಾಗಿತ್ತೋ ಇಲ್ಲೋ. ಮಧ್ಯಾಹ್ನ ಚಾ ಕುಡ್ಯಾಕ ಎದ್ದು ನಡಕ್ಕ ಸರದು ಕುಂತ್ರು. ನಾ ಒಳಗ ಚಾ ಸೋಸತಿದ್ದೆ. ಧಡ್ ಅಂತು. ಬಂದು ನೋಡತೀನಿ, ಅರ್ಧಾ ಮಂಚದೊಳಗ ಹೋಗ್ಯಾರ. ಕಾಲಷ್ಟ ಮ್ಯಾಲ ಅದಾವು."

ಸೊಂಟದ ಎಲುಬು ಮುರಿದಿತ್ತು. ಆಪರೇಶನ್ ಆಯಿತು. ಅಂಥ ಎದೆಯವನನ್ನು ಅಲುಗಾಡದಂತೆ ಮಲಗಿಸಿದ್ದೇ ಕೇಡಾಯಿತು, ಕಫ ಕಟ್ಟಿತು. ಇಪ್ಪತ್ತೆರಡನೆಯ ದಿನ ಕಲ್ಯಾಣದ ಆಸ್ಪತ್ರೆಯಲ್ಲಿ ತೀರಿಕೊಂಡ. ಇದಾಗಿ ನಾಲ್ಕು ತಿಂಗಳು.

"ಡಾಕ್ಟರು ಕೇಳಿದ್ರು, ಹೆಂಗ ಬಿದ್ರು ಅಂತ. ನಾನ ಹೇಳಿದೆ, ಮಂಚಕ್ಕ ಕುದಿನೀರು ಹಾಕಿದ್ದೆ, ಮೆತ್ತಗಾಗಿ ಮುರೀತು ಅಂತ. ಮಗ ಬಾಜೂಕ ನಿಂತಿದ್ದ. ಅಂವಾ ಅಷ್ಟೊತ್ತಿನ ತನಕಾ ಅದನ್ನ ಯೋಚನಿ ಮಾಡಿದ್ದಿಲ್ಲ." ನೀಲಗಂಗಾ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿದಳು. "ಅವತ್ತಿಂದ ನನ್ನ ಕೂಡ ಮಾತಿಲ್ಲ. ನನ್ನ ಕೈಲೆ ಉಣ್ಣೂದಿಲ್ಲ. ಹೊರಗಿನ ಡಬ್ಬಿ ತರಸತಾನ. ಈ ಮಂಚಾ ಬಿಚ್ಚಾಕೂ ಬಿಡವಲ್ಲ. ಕಂಪನಿಯವ್ರು ಬಂದು ನೋಡಿ ಹೇಳಲಿ ಅಂತಾನ."

ಚನ್ನು ಎದ್ದ. ಏನಾದರೂ ಮಾಡುತ್ತಿರಬೇಕು ಎನ್ನಿಸಿ ಮಂಚದ ಪಕ್ಕದ ಹಲಗೆಗಳನ್ನು ಒಂದೊಂದಾಗಿ ಒತ್ತಿ ನೋಡಿದ. ತಲೆದೆಸೆಯ ಕೆಳಗಿನ ಅಂಚು ನೀರು ಕುಡಿದು ಬೆರಳು ದಪ್ಪ ಉಬ್ಬಿತ್ತು. ಹಾಳೆ ಸುಲಿದು ಹಪ್ಪಳದಂತೆ ಎದ್ದಿತ್ತು. ಆದರೆ ಅಲ್ಲಿಯ ಬೋಲ್ಟು ಒಂದೂ ಸಡಿಲಾಗಿರಲಿಲ್ಲ. ನಡುಪಟ್ಟಿ ತುಂಡಾದ ಜಾಗವನ್ನು ಮೂಸಿ ನೋಡಿದ. ನೀರು ಬಿದ್ದ ಭೂಸಾಕ್ಕೆ ಒಂದು ಹುಳಿ ವಾಸನೆ ಬರುತ್ತದೆ, ಎಷ್ಟು ತಿಂಗಳಾದರೂ ಹೋಗುವುದಿಲ್ಲ. ಇಲ್ಲಿ ಏನೂ ಇರಲಿಲ್ಲ. ನಡುಪಟ್ಟಿಗೆ ಒಂದು ಹನಿ ಸಿಡಿದಿರಲಿಲ್ಲ. ಕೆಳಗೆ ಆಸರೆಯಿಲ್ಲದೆ ಎರಡೂವರೆ ವರ್ಷ ಇಬ್ಬರ ಭಾರ ಹೊತ್ತು, ಒಂದು ಮಧ್ಯಾಹ್ನ ಸಾಕಾಗಿ ಮುರಿದಿತ್ತು.

"ಆ ಮಂಚಾ ಕೂಡಿಸಿದಾವ ಹುಷಾರ್ ಮನಿಷಾ ಇದ್ದ," ಹಿಂದಿನಿಂದ ನೀಲಗಂಗಾ ಅಂದಳು. "ಅಂವಾನೂ ಕನ್ನಡದಾವ. ಮುಖಾ ಕಟಗೊಂಡಿದ್ದ, ನಮಗ ಕಣ್ಣ ಅಷ್ಟ ಕಾಣತಿದ್ದು. ಉಣ್ಣು ಅಂದ್ರ ವ್ಯಾಳ್ಯಾ ಇಲ್ಲ ಅಂದ. ರೊಟ್ಟಿ ಕಟ್ಟಿ ಕೊಟ್ಟೆ. ಇವರು ಯಾವಾಗಲೂ ಅಂತಿದ್ರು, ನಮ್ಮ ಕಡಿಯಾಂವ ಕೂಡ್ಸ್ಯಾನ, ಅದಕ್ಕ ಘಟ್ಟಿ ಐತಿ ಅಂತ. ಅವನ ತಪ್ಪಿಲ್ಲಪಾ. ಅವನ ಹೆಸರಿಗೇನೂ ಹಚ್ಚಬ್ಯಾಡ."

"ಕಣ್ಣಾಗ ಕಸ ಹೋಗ್ಯದ್ರಿ. ನೀರು ಎಲ್ಲದಾವು?" ಚನ್ನು ಕೇಳಿದ.

ಬಚ್ಚಲಲ್ಲಿ ನಲ್ಲಿ ಬಿಟ್ಟು ಮುಖಕ್ಕೆ ನೀರು ಹಾಕಿಕೊಂಡ. ರೊಟ್ಟಿ ಅವನಿಗೂ ನೆನಪಿತ್ತು. ಅವತ್ತು ಇದು ಏಳನೆಯ ಮಂಚ. ದಿನಕ್ಕೆ ಏಳು ಮುಗಿಸಿ ಸಂಜೆ ಆರರ ಒಳಗೆ ಎಲ್ಲದರ ಫೋಟೊ ಕಳಿಸಬೇಕು. ಒಂದು ಉಳಿದರೂ ದಿನವೇ ಅಧೂರಾ, ಅಂದರೆ ಅರೆಬರೆ, ಅಂತ ಲೆಕ್ಕ. ನಡುಪಟ್ಟಿಯ ನಟ್ಟು ಕಾರ್ಖಾನೆಯಲ್ಲೇ ಸೊಟ್ಟ ಕೂತಿತ್ತು. ಬೋಲ್ಟು ಎಷ್ಟು ತಿರುಗಿಸಿದರೂ ಹಿಡಿಯಲಿಲ್ಲ. ಹೊಸ ಪಟ್ಟಿ ಬೇಕು ಅಂತ ಬರೆದರೆ ಬರಲು ಎಂಟು ದಿನ, ಅಲ್ಲಿಯವರೆಗೆ ಅಧೂರಾ. ಮೂರು ಅಧೂರಾ ಆದ ಫಿಟ್ಟರನ್ನು ಕರೆಯುವುದೇ ನಿಲ್ಲಿಸುತ್ತಾರೆ. ಅವನಿಗೆ ಆಗಲೇ ಎರಡಾಗಿತ್ತು. ಲಾಕ್‌ಡೌನಿನಲ್ಲಿ ಹನ್ನೊಂದು ತಿಂಗಳು ಮನೆಯಲ್ಲಿ ಕೂತು ಎದ್ದವನು ಅವನು. ಆ ದಿನಗಳಲ್ಲಿ ಎಲ್ಲ ಫಿಟ್ಟರುಗಳೂ ಮಾಡುತ್ತಿದ್ದುದನ್ನೇ ಮಾಡಿದ: ಹಾಸಿಗೆ ಹಾಕಿದ ಮೇಲೆ ಯಾರು ಬಗ್ಗಿ ನೋಡುತ್ತಾರೆ ಎಂದು ನಡುವಿನ ಕಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಗಿದ. ಮತ್ತೆ ಅಷ್ಟು ಅವಸರದಲ್ಲೂ ಪೆನ್ಸಿಲು ತೆಗೆದು ಅಕ್ಷರ ಬರೆದಿದ್ದ.

ನಲ್ಲಿ ಬಂದ್ ಮಾಡುವಾಗ ಅವನ ಕಣ್ಣು ಬಕೆಟ್ಟಿನ ಪಕ್ಕಕ್ಕೆ ಹೋಯಿತು. ಗೋಡೆಗೆ ಒರಗಿಸಿ ಒಂದು ಗುಂಡನೆಯ ಮರದ ತುಂಡು ನಿಲ್ಲಿಸಿತ್ತು. ಗೇಣಿಗಿಂತ ತುಸು ಉದ್ದ. ಒಂದು ತುದಿ ನೀರಿಗೆ ಬೆಳ್ಳಗಾಗಿತ್ತು. ಇನ್ನೊಂದು ತುದಿಗೆ ಹಳೆಯ ಇಳಕಲ್ ಸೀರೆಯ ಚೂರನ್ನು ಬಿಗಿಯಾಗಿ ಸುತ್ತಿ ದಾರದಿಂದ ಹೊಲಿದಿತ್ತು. ಬಟ್ಟೆಯ ಒಳಗೆ ಬೋಲ್ಟಿನ ಉಬ್ಬು.

ಅವನು ಅದನ್ನು ಎತ್ತಿಕೊಂಡ. ಇಡೀ ಮಂಚದಲ್ಲಿ ಅಸಲಿ ಮರದ್ದು ಅಂದರೆ ಈ ನಡುವಿನ ಕಾಲೊಂದೇ ಇರುತ್ತದೆ. ಕೈಗೆ ಭಾರ ಹತ್ತಿತು.

"ಅದು ಕೌದಿ ಒಗ್ಯೂ ಬಡಿಗಿ," ಬಚ್ಚಲ ಬಾಗಿಲಲ್ಲಿ ನೀಲಗಂಗಾ ಬಂದು ನಿಂತಿದ್ದಳು. "ನಿಮ್ಮ ಕಂಪನಿದ ಮತ್ತ. ಮಂಚದ ಜೋಡಿ ಒಂದು ಜಾದಾ ಬಂದಿತ್ತು. ಇಟಗೋರಿ ಅವ್ವಾರ, ಉಪಯೋಗಕ್ಕ ಬರತದ ಅಂತ ಅಂವಾ ಕೊಟ್ಟು ಹ್ವಾದ. ಹಿಡಕಿ ಚುಚ್ಚತಿತ್ತು, ಅದಕ್ಕ ಅರಬಿ ಸುತ್ತೀನಿ. ತಗಣಿ ಆದಾಗ ಇದರಲೆನ ಮಂಚದ ಸಂದಿಗೆಲ್ಲಾ ಬಡದು ಬಡದು ಉದುರಸತಿದ್ದೆ."

ಆಗ ಅವನ ಫೋನು ರಿಂಗಾಯಿತು. ಲತೇಶ್. ರಬಾಳೆಯ ಗೋದಾಮಿನ ಸುಪರ್‌ವೈಸರ್, ಉಡುಪಿ ಕಡೆಯವನು. ಚನ್ನು ಮರದ ತುಂಡನ್ನು ಇದ್ದಲ್ಲೇ ಇಟ್ಟು, ಮನೆಯ ಹೊರಗಿನ ಮೆಟ್ಟಿಲ ಹತ್ತಿರ ಹೋಗಿ ನಿಂತ.

"ಎಂತ ಚನ್ನು, ಡೊಂಬಿವಲಿದು ಇನ್ನೂ ಓಪನ್ ತೋರಿಸ್ತಾ ಉಂಟು? ಮಧ್ಯಾಹ್ನ ನಿಂಗೆ ಐರೋಲಿ ಉಂಟು ಮಾರಾಯ."

"ಲತೇಶಣ್ಣಾ, ಇಲ್ಲಿ ಸೆಂಟರ್ ಪಾಯಾ ಇಲ್ಲ, ನಡುವಿನ ಕಾಲು."

ಆ ಕಡೆ ಕುರ್ಚಿ ಎಳೆದ, ಬಾಗಿಲು ಮುಚ್ಚಿದ ಸದ್ದು ಕೇಳಿತು. "ಕೂಡಿಸಿದ್ದು ಯಾರು ಅಂತ ನಾನು ಸಿಸ್ಟಮಲ್ಲಿ ನೋಡಿದ್ದೇನೆ," ಲತೇಶ್ ದನಿ ತಗ್ಗಿಸಿದ. "ನೋಡ್ಲಿಲ್ಲ ಅಂತ ಇಟ್ಟುಕೊಳ್ಳುವ. ನೀರಿನ ಕಲೆ ಏನಾದ್ರೂ ಉಂಟಾ?"

"ಅದ. ಆದ್ರ ಮುರದದ್ದು ನೀರಿಂದ ಅಲ್ಲ. ಅಣ್ಣಾ, ಆ ಮನಿಷಾ ಸತ್ತಾನ."

"ಯಾವ ಮನುಷ್ಯ?"

"ಮಂಚದ ಮ್ಯಾಲ ಕುಂತಾಂವ."

"ಹಾಗಾದ್ರೆ ಸರಿಯಾಗಿ ಕೇಳು. ಮಂಚ ಮುರಿದ್ರೆ ಕಂಪನಿ ಮಂಚ ಕೊಡ್ತದೆ. ಮನುಷ್ಯ ಸತ್ರೆ ಮನುಷ್ಯನನ್ನೇ ಕೊಡ್ತದೆ. ನಿನ್ನನ್ನು. ಪೊಲೀಸರ ಮುಂದೆ ನಿಲ್ಲಿಸಿ, ಇವನೇ ಕೂಡಿಸಿದ್ದು ಸಾರ್ ಅಂತ ಕೈ ತೊಳ್ಕೊಳ್ತದೆ. ಎರಡು ಹೆಣ್ಣುಮಕ್ಕಳಲ್ವಾ ನಿಂಗೆ? ನೀರು ಬಿದ್ದದ್ದು ಸುಳ್ಳಲ್ಲ ಅಲ್ಲ? ಇದ್ದದ್ದನ್ನೇ ಬರಿ. ವಾಟರ್ ಡ್ಯಾಮೇಜ್. ಮುಗೀತು."

"ಆ ಅವ್ವ ತನ್ನಿಂದಾತು ಅಂತ ತಿಳಕೊಂಡಾಳ."

"ಅವರು ತಿಳ್ಕೊಂಡಿದ್ದನ್ನು ನೀನು ಹೇಳಿಕೊಟ್ಟದ್ದಲ್ಲ," ಅಂದ ಲತೇಶ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಬೇಗ ಮುಗಿಸಿ ಬಾ."

ಚನ್ನು ಒಳಗೆ ಬಂದಾಗ ನೀಲಗಂಗಾಳ ಫೋನು ಮಾತಾಡುತ್ತಿತ್ತು. ಆಕೆ ಅದನ್ನು ಬಿಸಿ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ, ಮೈಯಿಂದ ದೂರ ಹಿಡಿದಿದ್ದಳು. ಮಗ ಸಿದ್ಧೇಶ್ವರ. ಫ್ಯಾಕ್ಟರಿಯಿಂದ ಮಾಡಿದ್ದ, ಹಿಂದೆ ಮಶೀನುಗಳ ಗಲಾಟೆ.

"ಫೋನ್ ಉನಕೋ ದೋ," ಅವರಿಗೆ ಫೋನು ಕೊಡು ಎಂದು ತಾಯಿಗೂ ಹಿಂದಿಯಲ್ಲೇ ಅನ್ನುತ್ತಿದ್ದ. ಬೇರೇನೂ ಇಲ್ಲ.

ಚನ್ನು ತೆಗೆದುಕೊಂಡ. ಸ್ಪೀಕರ್ ಹೇಗೆ ಬಂದ್ ಮಾಡುವುದೋ ಆ ಹಳೆಯ ಫೋನಿನಲ್ಲಿ ಅವನಿಗೆ ಸಿಗಲಿಲ್ಲ.

"ದೇಖಾ ಆಪನೇ? ಪಾನೀ ಸೇ ಹೀ ಟೂಟಾ ಹೈ ನಾ?" ನೀರಿನಿಂದಲೇ ಮುರಿದದ್ದು ತಾನೇ, ಎಂದು ಮಗ ಕೇಳುತ್ತಿದ್ದ. "ಜೋ ಭೀ ಹೈ, ಲಿಖ್ ಕೇ ದೋ. ಮುಝೇ ಲಿಖಾ ಹುವಾ ಚಾಹಿಯೇ." ಏನಿದ್ದರೂ ಅವನಿಗೆ ಬರಹದಲ್ಲೇ ಬೇಕಿತ್ತು.

"ನಯಾ ಬೆಡ್ ನಹೀ ಮಿಲೇಗಾ, ಪಾನೀ ಹೋಗಾ ತೋ," ನೀರು ಅಂತಾದರೆ ಹೊಸ ಮಂಚ ಸಿಗುವುದಿಲ್ಲ ಎಂದು ಚನ್ನು ಅಂದ.

"ಬೆಡ್ ಕಿಸಕೋ ಚಾಹಿಯೇ?" ಮಂಚ ಯಾರಿಗೆ ಬೇಕು ಎಂದ ಮಗ. ಆಮೇಲೆ, "ಔರ್ ಉನಕೋ ಬೋಲೋ, ಮೇರಾ ಖಾನಾ ಮತ್ ಬನಾನಾ." ತಾಯಿ ತನಗೆ ಅಡುಗೆ ಮಾಡುವುದು ಬೇಡವಂತೆ.

ಫೋನು ಆರಿತು. ಚನ್ನು ಅದನ್ನು ತಿರುಗಿ ಕೊಟ್ಟ.

"ಕೇಳಿಸ್ತು," ನೀಲಗಂಗಾ ಅಂದಳು. "ದಿನಾ ಅಂತಾನ. ದಿನಾ ಮಾಡತೀನಿ. ಮುಂಜಾನೆ ಬಾಜೂದ ಮನಿ ನಾಯಿಗೆ ಹಾಕತೀನಿ. ಅದು ದಪ್ಪಗ ಆಗೇತಿ ನೋಡು, ಅದರ ಮಾಲಕರಿಗೆ ತಿಳೀವಲ್ದು ಯಾಕಂತ."

ಆಕೆ ಮೂಲೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಚನ್ನುವಿನ ಮುಂದಿಟ್ಟಳು. ತಾನು ಮಂಚದ ಉಬ್ಬಿದ ಅಂಚನ್ನು ಬಗ್ಗಿ ಬೆರಳಿನಿಂದ ಸವರಿದಳು. ಸಿಪ್ಪೆಯೊಂದು ಎದ್ದು ಕೈಗೆ ಬಂತು.

"ತಮ್ಮಾ, ನೀ ತಿಳದಾಂವ. ಕಾಗದದ ಮಾತು ಬ್ಯಾರೆ, ಅದನ್ನ ಹೆಂಗರ ಬರಿ. ಬಾಯಿಲೆ ನನಗೊಂದು ಹೇಳು. ಅಷ್ಟು ನೀರಿಗೆ ಮಂಚಾ ಮುರೀತೈತೇನು?"

ಕೆಳಗೆ ರಸ್ತೆಯಲ್ಲಿ ರಿಕ್ಷಾದವನೊಬ್ಬ ಸ್ಟೇಶನ್ ಸ್ಟೇಶನ್ ಎಂದು ಕೂಗುತ್ತಿದ್ದ. ಚನ್ನು ಕುರ್ಚಿಯಲ್ಲಿ ಕೂತ.

"ಇಲ್ರಿ," ಅಂದ. "ನೀರಿಂದ ಮುರದಿಲ್ಲ."

ನೀಲಗಂಗಾ ತಲೆ ಎತ್ತಿದಳು. ಎಷ್ಟು ಮೆಲ್ಲಗೆ ಎತ್ತಿದಳೆಂದರೆ, ಬೇಗ ಎತ್ತಿದರೆ ಆ ಮಾತು ಬಿದ್ದು ಹೋದೀತು ಎನ್ನುವ ಹಾಗೆ.

"ಮತ್ತ ಯಾತರಿಂದ ಮುರೀತು?"

ಮಾತು ಅವನ ನಾಲಿಗೆಯ ಮೇಲೆಯೇ ಇತ್ತು. ಬಚ್ಚಲಿಗೆ ಹೋಗಿ ಆ ಮರದ ತುಂಡನ್ನು ತಂದು ಆಕೆಯ ಮುಂದೆ ಇಟ್ಟರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಅವನು ಎದ್ದು ನಿಂತ. ನಿಂತಲ್ಲೇ, ಕಲ್ಯಾಣದ ಮನೆಯ ಬಾಗಿಲಲ್ಲಿ ಪೊಲೀಸಿನವನೊಬ್ಬ ನಿಂತದ್ದು, ಸಣ್ಣ ಮಗಳು ಬಾಗಿಲ ಹಿಂದಿನಿಂದ ಇಣುಕಿದ್ದು ಕಣ್ಣಿಗೆ ಕಟ್ಟಿತು.

"ಭೂಸಾದ ಮಂಚ್ರಿ ಅವ್ವಾರ," ಅಂದ. "ಅದಕ್ಕ ವಯಸ್ಸಾಗಿತ್ತು."

"ಮೂರು ವರ್ಷಕ್ಕ?"

"ಹೂಂ."

ಆಕೆ ಅವನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಕೈಯಲ್ಲಿದ್ದ ಸಿಪ್ಪೆಯನ್ನು ಮಡಿಚಿ ಮಡಿಚಿ ಸಣ್ಣದು ಮಾಡಿದಳು.

"ನನ್ನ ಸಮಾಧಾನಕ್ಕ ಅಂತಿ," ಅಂದಳು. "ಚೊಲೊ ಹುಡುಗ ಅದಿ. ಇರಲಿ ಬಿಡು. ಬರಿ, ಬರದು ಮುಗಿಸು. ನಿನಗೂ ಮುಂದ ಹೋಗೂದಿರಬೇಕು."

ಚನ್ನು ಮತ್ತೆ ಕುರ್ಚಿಯಲ್ಲಿ ಕೂತು ಫೋನು ತೆರೆದ. ಮುರಿದ ಮಂಚದ ನಾಲ್ಕು ಫೋಟೊ ಹಾಕಬೇಕು. ಉಬ್ಬಿದ ಅಂಚಿನದು ಎರಡು ತೆಗೆದ, ಸುಲಿದ ಹಾಳೆಯದು ಒಂದು, ದೂರದಿಂದ ಒಂದು. ಕಾರಣ ಎನ್ನುವಲ್ಲಿ ಬೆರಳಿಟ್ಟರೆ ಐದು ಸಾಲು ತೆರೆದುಕೊಂಡವು, ಎಲ್ಲವೂ ಇಂಗ್ಲಿಷಿನಲ್ಲಿ. ಮೂರನೆಯದು ಫಿಟ್ಟಿಂಗಿನ ದೋಷ. ನಾಲ್ಕನೆಯದು ನೀರು. ಎರಡರ ನಡುವೆ ಒಂದು ಕೂದಲಿನಷ್ಟು ಗೆರೆ. ಅವನ ಹೆಬ್ಬೆರಳು ಗೆರೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಬೆರಳಿಗೆ ಪೆನ್ಸಿಲಿನ ಕಪ್ಪು ಹತ್ತಿತ್ತು. ಮಂಚದ ಕೆಳಗೆ ಅಕ್ಷರ ಸವರಿದಾಗ ಹತ್ತಿದ್ದು. ನಾಲ್ಕನೆಯದನ್ನು ಒತ್ತಿದ.

ಕೊನೆಗೆ ಗ್ರಾಹಕರ ಸಹಿ. ಬಿಳಿಯ ಚೌಕ ಬಂತು.

"ಇಲ್ಲಿ ಬೆರಳಿಲೆ ಸಹಿ ಮಾಡಬೇಕ್ರಿ," ಎಂದು ಫೋನನ್ನು ಆಕೆಯ ಮುಂದೆ ಹಿಡಿದ.

"ಏನ ಬರದೈತಿ ಮ್ಯಾಲ?"

"ಕಂಪನಿಯಾಂವ ಬಂದು ಮಂಚಾ ನೋಡ್ಯಾನ ಅಂತ."

"ಸಿದ್ದೂಗ ಹೋಗತೈತೇನು ಇದು?"

"ಈಗ ಹೋಗತದ್ರಿ. ಮೆಸೇಜು."

ನೀಲಗಂಗಾ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಇವರ ಕಲಿಸಿದ್ರು ನನಗ ಸಹಿ ಮಾಡೂದು. ಇಲ್ಲಿಗೆ ಬಂದ ವರ್ಷ, ಕ್ಯಾಲೆಂಡರ್ ಹಿಂದ ಬರಸತಿದ್ರು. ಗಂ ಬರೂದ ಇಲ್ಲ ನಿನಗ ಅಂತ ನಗತಿದ್ರು." ಬಗ್ಗಿ, ಗಾಜಿನ ಮೇಲೆ ಗೋಲಿಯನ್ನು ಉರುಳಿ ಬೀಳದಂತೆ ತಳ್ಳುವವಳ ಹಾಗೆ ಬೆರಳನ್ನು ಎಳೆದಳು. ನೀ. ಲ. ಮೂರನೆಯ ಅಕ್ಷರ ಕೆಟ್ಟಿತು. "ಅಳಿಸಾಕ ಬರತೈತೇನು?"

"ಬರತದ್ರಿ."

ಅವನು ಅಳಿಸಿಕೊಟ್ಟ. ಆಕೆ ಮತ್ತೆ ಮೊದಲಿನಿಂದ ಬರೆದಳು. ನಾಲ್ಕೂ ಅಕ್ಷರ ಸರಿಯಾಗಿ ಕೂತ ಮೇಲೆ ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿ, "ಹೂಂ, ಆತು" ಅಂದಳು. ಚನ್ನು ಒತ್ತಿದ. ಕಳಿಸಿದ್ದಾಯಿತು ಎಂದು ಹಸಿರು ಗುರುತು ಬಂತು.

ಅವನು ಮುರಿದ ಪಟ್ಟಿಯ ತುಂಡುಗಳನ್ನು ಎತ್ತಿ ಗೋಡೆಗೆ ನಿಲ್ಲಿಸಿದ. ಪ್ಲೈವುಡ್ಡನ್ನು ಮಂಚದೊಳಗಿನಿಂದ ತೆಗೆದು ಅದರ ಪಕ್ಕ ಇಟ್ಟ. ಯಾರೂ ಹೇಳಿರಲಿಲ್ಲ. ಅಕ್ಷರ ಇದ್ದ ತುಂಡನ್ನು ಗೋಡೆಯ ಕಡೆಗೆ ಮುಖ ಮಾಡಿ ಇಟ್ಟ. ಉದುರಿದ ಭೂಸಾವನ್ನು ಕೈಯಿಂದ ಒಟ್ಟುಮಾಡಿ ಒಂದು ಪೇಪರಿಗೆ ತುಂಬಿದ. ಅಷ್ಟರಲ್ಲಿ ಅಡುಗೆಮನೆಯಿಂದ ಹಿಟ್ಟು ತಟ್ಟುವ ಸದ್ದು ಬಂದಿತ್ತು. ಅವನು ಬೇಡ ಅನ್ನುವಷ್ಟರಲ್ಲಿ ನೀಲಗಂಗಾ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿದ ಗಂಟು ಹಿಡಿದು ಬಂದಳು.

"ಎರಡು ರೊಟ್ಟಿ ಅದಾವು, ಶೇಂಗಾ ಹಿಂಡಿ ಹಚ್ಚೀನಿ. ಗಾಡ್ಯಾಗ ತಿನ್ನು. ನಾಯಿಗೆ ಹಾಕೂದರಕಿಂತ ಮನಿಷಾರ ತಿನ್ನಲಿ. ಅಂವಾನೂ ಹಿಂಗ ಕಟಗೊಂಡು ಹೋಗಿದ್ದ ಪಾಪ." ಆಮೇಲೆ ಏನೋ ನೆನಪಾದಂತೆ, "ಆ ಬಡಿಗಿ ಬೇಕೇನು ಮತ್ತ? ನಿಮ್ಮ ಕಂಪನೀದು. ಲೆಕ್ಕಕ್ಕ ಕೇಳತಾರೋ ಏನೋ."

"ಬ್ಯಾಡ್ರಿ," ಚನ್ನು ಅಂದ. "ನಿಮ್ಮ ಕಡೆನ ಇರಲಿ."

ಗಂಟನ್ನು ಬೆನ್ನ ಚೀಲದಲ್ಲಿ ಡ್ರಿಲ್ಲಿನ ಪಕ್ಕ ಇಟ್ಟುಕೊಂಡು ಹೊರಗೆ ಬಂದ. ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಆಕೆಯ ಫೋನು ಒಂದು ಸಲ ರಿಂಗಾಗಿ, ಎತ್ತುವ ಮೊದಲೇ ನಿಂತಿತು. ಬಾಗಿಲು ಮುಚ್ಚಿಕೊಂಡಿತು.

ಎರಡನೆಯ ಮಹಡಿಯ ತಿರುವಿಗೆ ಬರುವಾಗ ಮೇಲಿನಿಂದ ಸದ್ದು ಶುರುವಾಯಿತು. ಒದ್ದೆ ಕೌದಿಯ ಮೇಲೆ ಮರ ಬೀಳುವ ಸದ್ದು. ಧಪ್. ಸ್ವಲ್ಪ ತಡೆದು ಮತ್ತೆ ಧಪ್. ಮೆಟ್ಟಿಲುಗಳ ಸಂದಿಯಲ್ಲಿ ಅದು ತಿರುಗಿ ತಿರುಗಿ ಕೆಳಗಿಳಿಯುತ್ತಿತ್ತು. ಚನ್ನು ಗೋಡೆಗೆ ಕೈ ಊರಿ ನಿಂತ. ಇನ್ನೊಂದು ಬೀಳಲಿ, ಆಮೇಲೆ ಇಳಿಯೋಣ ಎಂದು ಕಾದ. ಒಂದು ಬಿತ್ತು. ಅವನು ಇಳಿಯಲಿಲ್ಲ. ಚೀಲದ ತೆಳ್ಳನೆಯ ಬಟ್ಟೆಯೊಳಗಿಂದ ರೊಟ್ಟಿಯ ಬಿಸಿ ಅಂಗಿಗೆ ತಾಗಿ, ಬೆನ್ನಿನ ನಟ್ಟನಡುವೆ ನಿಧಾನವಾಗಿ ಹರಡುತ್ತಿತ್ತು.